ನಂಬುವಂಥ ಮುಖ

ಕಳೆದ ವಾರ ಕುಷ್ಟಗಿ ಬಸ್ ನಿಲ್ದಾಣದಲ್ಲಿ ಒಬ್ಬ ಹೆಣ್ಣುಮಗಳು ತನ್ನ ಕೂಸನ್ನು ನನ್ನ ತೊಡೆಯ ಮೇಲೆ ಇಟ್ಟು ಹೋದಳು. ಪರಿಚಯವಿಲ್ಲ, ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಕಲ್ಲುಬೆಂಚಿನ ಮೇಲೆ ನನ್ನ ಆಚೀಚೆ ಇನ್ನೂ ಐದಾರು ಮಂದಿ ಕೂತಿದ್ದರು. ಅವಳು ಎಲ್ಲರನ್ನೂ ಒಂದು ಸುತ್ತು ನೋಡಿ, ನನ್ನೆದುರು ಬಂದು ನಿಂತು, "ಅಣ್ಣಾರ, ಕೂಸಿನ್ನ ಒಂಚೂರು ಹಿಡ್ಕೋರಿ, ಬಾಟ್ಲಿಗೆ ನೀರು ತುಂಬ್ಕೊಂಡು ಬರ್ತೀನಿ" ಎಂದವಳೇ ನಡೆದುಬಿಟ್ಟಳು. ಕೂಸು ತಲೆ ಎತ್ತಿ ನನ್ನ ಮುಖ ನೋಡಿತು. ಅದಕ್ಕೂ ಒಪ್ಪಿಗೆಯಾಗಿರಬೇಕು, ಬೆರಳು ಚೀಪುತ್ತ ಎದೆಗೆ ಒರಗಿತು.

ಪಕ್ಕದಲ್ಲಿದ್ದ ಮುದುಕ, "ನಿಮ್ಮ ಮುಖಾನ ಹಂಗೈತ್ರಿ. ಯಾರಿಗಾದ್ರೂ ನಂಬಿಕಿ ಬರತೈತಿ" ಎಂದ.

ಇದು ನನಗೆ ಹೊಸದಲ್ಲ. ಗಂಗಾವತಿಯ ಸಂತೆಯಲ್ಲಿ ಸೀತಾಫಲ ಮಾರುವ ಮುದುಕಿಯೊಬ್ಬಳು ಒಮ್ಮೆ ಇಡೀ ಬುಟ್ಟಿಯನ್ನೇ ನನಗೆ ಒಪ್ಪಿಸಿ ಊಟಕ್ಕೆ ಹೋಗಿದ್ದಳು. ದರ ಕೇಳಿದವರಿಗೆಲ್ಲ "ಆಕಿ ಬರ್ತಾಳ, ತಡೀರಿ" ಎನ್ನುತ್ತ ಅರ್ಧ ಗಂಟೆ ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದೆ. ಬ್ಯಾಂಕಿಗೆ ಹೋದರೆ ಓದುಬರಹ ಬಾರದವರು ಸಾಲು ಬಿಟ್ಟು ನನ್ನ ಹತ್ತಿರ ಬಂದು ಚೀಟಿ ತುಂಬಿಸಿಕೊಳ್ಳುತ್ತಾರೆ. ಗುಡಿಯ ಮುಂದೆ ಒಂದು ಗಳಿಗೆ ಸುಮ್ಮನೆ ನಿಂತರೆ ಸಾಕು, ಕಾಲ ಬಳಿ ಊರವರ ಚಪ್ಪಲಿಯ ರಾಶಿ ಬೀಳುತ್ತದೆ. ನೀವೂ ನನ್ನನ್ನು ಎದುರಿಗೆ ಕಂಡರೆ ನಂಬುತ್ತೀರಿ. ಅದಕ್ಕೇ ಮುಖ ತೋರಿಸದೆ ಬರೆಯುತ್ತಿದ್ದೇನೆ ಎಂದುಕೊಳ್ಳಿ.

ನನ್ನ ಹೆಸರು ವೀರಭದ್ರಪ್ಪ. ಆ ಹೆಸರಿನ ದೇವರು ಕೈಯಲ್ಲಿ ಕತ್ತಿ ಹಿಡಿದು, ಕಣ್ಣು ಕೆಂಡ ಮಾಡಿಕೊಂಡು ನಿಂತವನು. ನನ್ನದೋ ಈಗಷ್ಟೇ ಹಾಲು ಕುಡಿದು ತಾಯಿಯ ಕಡೆ ತಿರುಗಿ ನೋಡುವ ಕರುವಿನ ಮುಖ. ಹುಬ್ಬು ತುದಿಯಲ್ಲಿ ಸ್ವಲ್ಪ ಕೆಳಗೆ ಜಾರಿವೆ, ಅದರಿಂದ ಸದಾ ಯಾರದೋ ಕಷ್ಟಕ್ಕೆ ಮರುಗುತ್ತಿರುವಂತೆ ಕಾಣುತ್ತೇನೆ. ಸಿಟ್ಟು ಬಂದರೆ ಮುಖಕ್ಕೆ ಸುದ್ದಿ ತಲುಪುವುದಿಲ್ಲ. ಹೆದರಿದರೂ ಅಷ್ಟೇ. ಹೊಟ್ಟೆ ಕೆಟ್ಟು ಒದ್ದಾಡುತ್ತಿದ್ದಾಗ ಒಬ್ಬರು ಬಂದು "ಏನ್ರಿ, ಧ್ಯಾನದಾಗಿದ್ದೀರೇನು?" ಎಂದು ದನಿ ತಗ್ಗಿಸಿ ಕೇಳಿದ್ದರು.

ತಳಕಲ್ಲಿನಲ್ಲಿದ್ದ ನಮ್ಮ ಅಜ್ಜಿ, ನಾವು ಆಯಿ ಎನ್ನುತ್ತಿದ್ದೆವು, ಮುಖ ಓದುವುದರಲ್ಲಿ ಪ್ರವೀಣೆ ಎಂದು ಓಣಿಯಲ್ಲೆಲ್ಲ ಹೆಸರಾಗಿದ್ದಳು. ಹೆಣ್ಣು ನೋಡಲು ಹೋಗುವವರು ಆಯಿಯನ್ನು ಗಾಡಿ ಹತ್ತಿಸಿಕೊಂಡು ಹೋಗುತ್ತಿದ್ದರು. "ಮುಖ ನೋಡಿ ಮಣಿ ಹಾಕಬೇಕು" ಎಂಬುದು ಅವಳ ಮಟ್ಟಿಗೆ ಗಾದೆಯಲ್ಲ, ಕಾಯಿದೆ. ಅವಳ ಆ ವಿದ್ಯೆಯ ಪೂರಾ ಲಾಭ ಉಂಡವನು ನಾನು, ಪೆಟ್ಟು ಉಂಡವನು ನನ್ನ ದೊಡ್ಡಪ್ಪನ ಮಗ ಬಸ್ಯಾ. ಬಸ್ಯಾನ ಒಂದು ಕಣ್ಣು ತುಸು ವಾರೆ, ತುಟಿ ತೆಳ್ಳಗೆ. ಪಂಚಮಿಗೆಂದು ಕಟ್ಟಿ ಗೋಡೆಯ ಮಾಡದಲ್ಲಿಟ್ಟಿದ್ದ ಶೇಂಗಾ ಉಂಡಿ ಒಂದು ಮಧ್ಯಾಹ್ನ ಅರ್ಧಕ್ಕರ್ಧ ಮಾಯವಾದವು. ತಿಂದವನು ನಾನು. ಆಯಿ ನಮ್ಮಿಬ್ಬರನ್ನೂ ಪಡಸಾಲೆಯಲ್ಲಿ ನಿಲ್ಲಿಸಿ ಗದ್ದ ಹಿಡಿದು ನೋಡಿದಳು. ಬಸ್ಯಾನ ಬೆನ್ನಿಗೆ ಬಾರಿಕೋಲು ಬಿತ್ತು. ನನಗೆ ಉಳಿದವುಗಳಲ್ಲಿ ಎರಡು ಉಂಡಿ ಸಿಕ್ಕವು, ಸತ್ಯವಂತನೆಂದು. ಆ ಎರಡನ್ನೂ ನಾನು ತಿಂದೆ. ಬೆಲ್ಲದ ಪಾಕ ಗಟ್ಟಿಯಾಗಿತ್ತು ಎಂಬುದು ಸಹ ನೆನಪಿದೆ. ಬಸ್ಯಾ ಹಿತ್ತಲ ಬಾಗಿಲಲ್ಲಿ ಅಳುತ್ತಿದ್ದದ್ದು ಕೇಳಿಸುತ್ತಿತ್ತು.

ಶಾಲೆಯಲ್ಲೂ ಹೀಗೇ. ಮಾತಾಡಿದವರ ಹೆಸರು ಬೋರ್ಡಿನ ಮೇಲೆ ಬರೆಯುವ ಕೆಲಸ ಮೇಷ್ಟ್ರು ನನಗೇ ಕೊಡುತ್ತಿದ್ದರು. ತರಗತಿಯಲ್ಲಿ ನನಗಿಂತ ಹೆಚ್ಚು ಮಾತಾಡುವವರು ಯಾರೂ ಇರಲಿಲ್ಲ. ಮದುವೆಗೂ ಈ ಮುಖವೇ ನಡೆದುಹೋಗಿ ಮಾತು ಮುಗಿಸಿಕೊಂಡು ಬಂತು. ಯಲಬುರ್ಗಾದ ನನ್ನ ಮಾವ, ಹುಡುಗನ ಕೆಲಸ ಏನು, ಹೊಲ ಎಷ್ಟು ಎಂದು ಯಾರೋ ಕೇಳಿದರೆ, "ಮುಖ ನೋಡೀನಿ, ಸಾಕು" ಎಂದರಂತೆ.

ಇಷ್ಟು ವರ್ಷ ಇದನ್ನೆಲ್ಲ ತಮಾಷೆಯಾಗಿ ಹೇಳಿಕೊಂಡು ನಗಿಸುತ್ತಿದ್ದೆ. ಈಗ ಹೇಳುವುದಿಲ್ಲ. ಯಾಕೆಂದರೆ ಹುಲಗಪ್ಪನ ವಿಷಯ ಹೇಳದೆ ಇದು ಪೂರ್ತಿಯಾಗುವುದಿಲ್ಲ.

ನಾನು ಗಂಗಾವತಿಯ ಅಂಚಿನ ಒಂದು ಖಾಸಗಿ ಶಾಲೆಯಲ್ಲಿ ಗುಮಾಸ್ತ. ಆನೆಗೊಂದಿ ಕಡೆ ಹೋಗುವ ರಸ್ತೆಯಲ್ಲಿ, ಗದ್ದೆಗಳ ನಡುವೆ ಶಾಲೆ. ಹುಲಗಪ್ಪ ನಮ್ಮ ವ್ಯಾನಿನ ಡ್ರೈವರ್, ಇರಕಲ್ಲಗಡದವನು. ಹದಿನೆಂಟರ ವಯಸ್ಸಿನಲ್ಲಿ ಊರ ಗುಡ್ಡಕ್ಕೆ ಸೀತಾಫಲ ತರಲು ಹೋದಾಗ ಕರಡಿ ಹಿಡಿದಿತ್ತು. ಎಡಗಣ್ಣು ಉಳಿಯಿತು, ಆದರೆ ಅದರ ಕೆಳಗಿನ ರೆಪ್ಪೆ ಜೋತುಬಿತ್ತು. ಕೆನ್ನೆಯ ಮೇಲೆ ಮೂರು ಸಾಲು ಹೊಲಿಗೆ. ಮೇಲ್ತುಟಿ ಒಂದು ಕಡೆ ಎಳೆದುಕೊಂಡು ಎರಡು ಹಲ್ಲು ಸದಾ ಹೊರಗೆ. ಆ ಮುಖವನ್ನು ಅರ್ಧ ಅವನ ತಾಯಿ ಕೊಟ್ಟಿದ್ದಳು, ಉಳಿದರ್ಧ ಕರಡಿ. ಸುಮ್ಮನೆ ಕೂತಿದ್ದರೂ ಯಾರ ಮೇಲೋ ಹಲ್ಲು ಕಡಿಯುತ್ತಿರುವಂತೆ ಕಾಣುತ್ತಿದ್ದ.

ಮುಖ ಹಾಗಿದ್ದರೂ ಮನುಷ್ಯ ದೇವರಂಥವನಿದ್ದ ಎಂದು ನಾನು ಬರೆದುಬಿಟ್ಟರೆ ಕಥೆ ಸಲೀಸಾಗುತ್ತದೆ. ಹಾಗಿರಲಿಲ್ಲ. ಬೈಗುಳ ಬಾಯ್ತುಂಬ. ಅಡ್ಡ ಬಂದ ಬೈಕಿನವನ ಏಳು ತಲೆಮಾರನ್ನು ಎತ್ತಿ ಆಡುತ್ತಿದ್ದ. ಗುಟ್ಕಾ ಬಿಡು ಎಂದರೆ ಬಿಡಲಿಲ್ಲ. ನನ್ನ ಜೊತೆ ಟೈರಿನ ವಿಷಯಕ್ಕೆ, ಹೊಗೆ ತಪಾಸಣೆಯ ಪತ್ರದ ವಿಷಯಕ್ಕೆ ತಿಂಗಳಿಗೊಮ್ಮೆ ಜಗಳ. ಆದರೆ ವ್ಯಾನು ಹತ್ತಿದ ಮಕ್ಕಳನ್ನು ಎಣಿಸದೆ ಗಾಡಿ ಎಬ್ಬಿಸುತ್ತಿರಲಿಲ್ಲ, ಮನೆಯವರು ಬಂದು ನಿಲ್ಲದೆ ಮಗುವನ್ನು ಇಳಿಸುತ್ತಿರಲಿಲ್ಲ. ಮಕ್ಕಳು ಅವನನ್ನು ಕರಡಿ ಮಾಮಾ ಎನ್ನುತ್ತಿದ್ದವು. ಹೊಸದಾಗಿ ಸೇರಿದ ಮಕ್ಕಳು ಎರಡು ದಿನ ಅತ್ತು, ಮೂರನೆಯ ದಿನ ಮುಂದಿನ ಸೀಟಿಗೆ ಜಗಳವಾಡುತ್ತಿದ್ದವು.

ಎರಡು ವರ್ಷದ ಹಿಂದೆ ಚಳಿಗಾಲದ ಒಂದು ದಿನ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಆಫೀಸಿಗೆ ಫೋನು ಬಂತು. ಸುಜಾತಾ ಎಂಬ ತಾಯಿ. ಕಾಲುವೆಯಾಚೆ, ಗದ್ದೆ ಮಾಡಲು ಬಂದು ನೆಲೆಸಿದವರ ಒಂದು ಕ್ಯಾಂಪಿನವರು, ಮಗಳು ಸಾನ್ವಿ ಯುಕೆಜಿ. "ಸಾರ್, ನಮ್ಮ ಅತ್ತೆಗೆ ಎದೆನೋವು ಬಂದೈತೆ, ಆಸ್ಪತ್ರೆಗೆ ತಂದೀವಿ. ಮನಿಯಾಗ ಯಾರೂ ಇಲ್ಲ. ಇವತ್ತು ಪಾಪನ್ನ ವ್ಯಾನಿಗೆ ಹತ್ತಿಸಬ್ಯಾಡ್ರಿ. ಶಾಲಿಯಾಗೇ ಕೂಡಿಸಿರ್ರಿ, ಸಂಜಿಕ ನಾವೇ ಬಂದು ಕರ್ಕೊಂಡು ಹೋಗ್ತೀವಿ."

"ಆಯ್ತಮ್ಮ, ನಾನು ಹೇಳ್ತೀನಿ, ಚಿಂತಿ ಮಾಡಬ್ಯಾಡ್ರಿ" ಎಂದೆ.

ಆಗ ನಾನು ಏನು ಮಾಡುತ್ತಿದ್ದೆ ಗೊತ್ತೆ? ಮರುದಿನ ನಮ್ಮ ಶಾಲೆಯ ಅಧ್ಯಕ್ಷರ ಹುಟ್ಟುಹಬ್ಬ. ಅವರ ಮೇಲೆ ಅಭಿನಂದನಾ ಪತ್ರ ಬರೆಯುತ್ತಿದ್ದೆ. "ತಮ್ಮ ಮುಖಾರವಿಂದದಲ್ಲಿ ತಮ್ಮ ಅಂತರಂಗವೇ" ಎಂಬಲ್ಲಿಗೆ ಬಂದು ನಿಂತಿತ್ತು. ಹೊಳೆಯುತ್ತದೆ ಎನ್ನಬೇಕೋ, ಬೆಳಗುತ್ತದೆ ಎನ್ನಬೇಕೋ ತಿಳಿಯದೆ ಪೆನ್ನು ಕಚ್ಚುತ್ತಿದ್ದೆ. ಫೋನಿಟ್ಟ ಮೇಲೆ "ಪ್ರತಿಫಲಿಸುತ್ತದೆ" ಎಂಬ ಪದ ಸಿಕ್ಕಿತು. ಆ ಖುಷಿಯಲ್ಲಿ ಸಾನ್ವಿ ಮರೆತುಹೋದಳು. ನಾಲ್ಕು ಗಂಟೆಗೆ ಅಧ್ಯಕ್ಷರ ಕೋಣೆಯಲ್ಲಿ ನಿಂತು ಆ ಪತ್ರವನ್ನು ಅವರಿಗೇ ಓದಿ ತೋರಿಸುತ್ತಿದ್ದೆ. ಹೊರಗೆ ನನ್ನ ಮೇಜಿನ ಮೇಲೆ ಫೋನು ಎರಡು ಸಲ ಹೊಡೆದುಕೊಂಡು ಸುಮ್ಮನಾಯಿತು. ಅದು ಹುಲಗಪ್ಪನ ಫೋನು ಎಂದು ಆಮೇಲೆ ತಿಳಿಯಿತು.

ಕಾಲುವೆ ಸೇತುವೆಯ ತಿರುವಿನಲ್ಲಿ ದಿನಾ ಬಂದು ನಿಲ್ಲುತ್ತಿದ್ದ ಸಾನ್ವಿಯ ಅಜ್ಜಿ ಅವತ್ತು ಇರಲಿಲ್ಲ. ಹುಲಗಪ್ಪ ಹಾರ್ನ್ ಹೊಡೆದ, ಕಾದ. ತಾಯಿಗೆ ಫೋನು ಹಚ್ಚಿದರೆ ಹತ್ತಲಿಲ್ಲ, ನಮಗೆ ಹಚ್ಚಿದರೆ ಯಾರೂ ಎತ್ತಲಿಲ್ಲ. ಉಳಿದ ಮಕ್ಕಳು ಹಸಿದು ಗಲಾಟೆ ಎಬ್ಬಿಸಿದ್ದವು. ಕೊನೆಗೆ ಮಗುವಿನ ಕೈ ಹಿಡಿದು ಮನೆಯವರೆಗೂ ನಡೆದ. ಗೇಟು ತೆರೆದಿತ್ತು. "ಅಜ್ಜಿ ಒಳಗದಾಳ ಮಾಮಾ" ಎಂದು ಮಗು ಒಳಗೆ ಓಡಿತು. ಅವನು ತಿರುಗಿ ಬಂದ. ಅಷ್ಟು ಅವನ ತಪ್ಪು. ಬಾಗಿಲಿಗೆ ಬೀಗ ಇತ್ತು. ಮಗು ಸ್ವಲ್ಪ ಹೊತ್ತು ಅತ್ತು, ಅವ್ವನನ್ನು ಹುಡುಕಿಕೊಂಡು ಕಾಲುವೆಯ ದಂಡೆ ಹಿಡಿದು ಹೊರಟಿತು.

ಐದು ಗಂಟೆಗೆ ಸುಜಾತಾ ಮತ್ತು ಅವಳ ಗಂಡ ಶಾಲೆಗೆ ಬಂದರು. "ಪಾಪ ಎಲ್ಲಿ ಸಾರ್?" ಎಂದಳು. ಆ ಪ್ರಶ್ನೆ ನನ್ನ ಕಿವಿಗೆ ಬಿದ್ದ ಗಳಿಗೆಯನ್ನು ಹೇಗೆ ಹೇಳಲಿ? ಮೈಯ ರಕ್ತವೆಲ್ಲ ಹಿಮ್ಮಡಿಗೆ ಇಳಿಯಿತು. ಮುಖ ಮಾತ್ರ ಹಾಗೇ ಇದ್ದಿರಬೇಕು. ಅವಳು ನನ್ನನ್ನೇ ನೋಡುತ್ತಿದ್ದಳು, ಆದರೂ ಏನೂ ಅನುಮಾನ ಪಡಲಿಲ್ಲ. "ವ್ಯಾನಿನ್ಯಾಗ ಹೋಗಿರಬೇಕ್ರಿ..." ಎಂದೆ. ಪಕ್ಕದ ಮನೆಗೆ ಫೋನು ಮಾಡಿದರು. ಮಗು ಅಲ್ಲಿಲ್ಲ. ಎಲ್ಲಿಯೂ ಇಲ್ಲ.

ನಾನು ಬೈಕಿನಲ್ಲಿ ಕಾಲುವೆ ಮುಟ್ಟುವ ಹೊತ್ತಿಗೆ ಹುಲಗಪ್ಪ ಅಲ್ಲಿದ್ದ. ಸುದ್ದಿ ತಿಳಿದದ್ದೇ ತಡ, ಖಾಲಿ ವ್ಯಾನು ತಿರುಗಿಸಿಕೊಂಡು ಬಂದು ದಂಡೆಯುದ್ದಕ್ಕೂ ಕೂಗುತ್ತ ಓಡಾಡಿದ್ದ. ಒಂದು ಕಡೆ ಹುಲ್ಲಿನಲ್ಲಿ ಸಾನ್ವಿಯ ನೀಲಿ ನೀರಿನ ಬಾಟ್ಲಿ ಸಿಕ್ಕಿತ್ತು. ಅದನ್ನು ಕೈಯಲ್ಲಿ ಹಿಡಿದು, ತುಂಬಿ ಹರಿಯುವ ನೀರನ್ನು ನೋಡುತ್ತ ನಿಂತಿದ್ದಾಗ ಜನ ಬಂದರು. ಗದ್ದೆಯಿಂದ ಬಂದವರು, ಸೇತುವೆಯ ಮೇಲೆ ಬೈಕು ನಿಲ್ಲಿಸಿದವರು.

"ಬಾಟ್ಲಿ ಇವನ ಕೈಯಾಗೈತಿ ನೋಡ್ರಿ!"

"ಏ, ಮುಖ ನೋಡ್ರಲೇ ಅವನ್ದು. ಮುಖಾ ನೋಡಿದ್ರ ತಿಳಿಯಂಗಿಲ್ಲೇನು?"

ಮೊದಲ ಏಟು ಯಾರು ಹಾಕಿದರೋ ಕಾಣಲಿಲ್ಲ. ಒಬ್ಬ ಹುಲಗಪ್ಪನ ಕೂದಲು ಹಿಡಿದು ಮುಖ ಮೇಲೆತ್ತಿದ, ಇನ್ನೊಬ್ಬ ಅದರ ಫೋಟೋ ತೆಗೆದ. "ಹುಡುಗಿ ಮನಿಗೆ ಬಿಟ್ಟೀನ್ರೆಪ್ಪೋ" ಎಂದು ಅವನು ಕೂಗುತ್ತಿದ್ದ. ತುಟಿ ಎಳೆದುಕೊಂಡಿದ್ದರಿಂದ ಏಟು ತಿನ್ನುವಾಗಲೂ ನಗುತ್ತಿರುವಂತೆ ಕಾಣುತ್ತಿತ್ತು. ಅದಕ್ಕೆ ಇನ್ನಷ್ಟು ಹೊಡೆದರು. ನಾನು ಗುಂಪಿನ ಹಿಂದೆ ನಿಂತಿದ್ದೆ. ಒಂದು ಮಾತು ಕೂಗಬಹುದಿತ್ತು. ಬಾಯಿ ತೆರೆದೆ ಕೂಡ. ಆಗ ಒಬ್ಬ ಯುವಕ ನನ್ನನ್ನು ನೋಡಿ, "ಸರ, ನೀವು ಸೂಕ್ಷ್ಮ ಮಂದಿ, ಇದನ್ನೆಲ್ಲ ನೋಡಬ್ಯಾಡ್ರಿ, ಆ ಕಡಿ ಹೋಗ್ರಿ" ಎಂದು ಗೌರವದಿಂದ ನನ್ನ ತೋಳು ಹಿಡಿದು ಮರದ ಕೆಳಗೆ ಬಿಟ್ಟು ಬಂದ. ನಾನು ಮರದ ಕೆಳಗೆ ನಿಂತೆ.

ಇನ್ನೂ ಬೆಳಕಿರುವಾಗಲೇ, ದಂಡೆಯ ಆ ಕಡೆಯಿಂದ ಮಾಬುಬಿ ಎಂಬ ಹೆಂಗಸು ಸಾನ್ವಿಯನ್ನು ಸೊಂಟದ ಮೇಲೆ ಹೊತ್ತುಕೊಂಡು ಬಂದಳು. ಬಾಳೆತೋಟದಲ್ಲಿ ಕೂಲಿ ಮಾಡುವವಳು. ಮಗುವಿನ ಕೈಯಲ್ಲಿ ಅರ್ಧ ತಿಂದ ಬಾಳೆಹಣ್ಣು. "ತ್ವಾಟದಾಗ ಕುಂತು ಅಳಾಕ ಹತ್ತಿತ್ರಿ ಕೂಸು. ಯಾರ್ದು ಅಂತ ಕೇಳ್ಕೊಂತ ಬಂದೆ" ಎಂದವಳು, ನೆಲದ ಮೇಲೆ ಬಿದ್ದವನನ್ನು ಕಂಡು, "ಯಾ ಅಲ್ಲಾ! ಈ ಮನಷ್ಯಾನ್ನ ಯಾಕ ಹಿಂಗ ಬಡದೀರಿ?" ಎಂದಳು. ಒಬ್ಬೊಬ್ಬರೇ ಬೈಕು ಹತ್ತಿದರು. "ಕರಡಿ ಮಾಮಾ" ಎಂದು ಮಗು ಚೀರಿತು. ಆಗಷ್ಟೇ ಓಡಿಬಂದ ತಾಯಿ ಅದರ ಕಣ್ಣು ಮುಚ್ಚಿದಳು.

ಮೂರನೆಯ ದಿನ ಅಧ್ಯಕ್ಷರ ಕೋಣೆಯಲ್ಲಿ ಸಭೆ ಸೇರಿತು. ಅಧ್ಯಕ್ಷರು, ಸಾನ್ವಿಯ ತಂದೆತಾಯಿ, ನಾನು. ಹುಲಗಪ್ಪ ತಲೆಗೆ ಪಟ್ಟಿ ಸುತ್ತಿಕೊಂಡು ಬಾಗಿಲ ಬಳಿಯ ಸ್ಟೂಲಿನಲ್ಲಿ ಕೂತಿದ್ದ. ಬಲಗಿವಿಯಿಂದ ಇನ್ನೂ ನೀರು ಸೋರುತ್ತಿತ್ತು. ಸುಜಾತಾ ಹೇಳಿದಳು: "ನಾನು ಹನ್ನೊಂದು ಗಂಟೆಗೇ ಫೋನ್ ಮಾಡಿ ಈ ಸಾರ್‌ಗೆ ಹೇಳಿದ್ದೆ. ಹತ್ತಿಸಬ್ಯಾಡ್ರಿ ಅಂತ."

ಅಧ್ಯಕ್ಷರು ನನ್ನ ಕಡೆ ತಿರುಗಿದರು. "ವೀರಭದ್ರಪ್ಪನವರ, ನೀವು ಡ್ರೈವರಗ ಹೇಳಿದ್ರೋ ಇಲ್ಲೋ?"

ನನ್ನ ಮಗಳು ಅದೇ ಶಾಲೆಯಲ್ಲಿ ಓದುತ್ತಿದ್ದಳು. ನನಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಇವೆಲ್ಲ ಆಮೇಲೆ ಹುಡುಕಿಕೊಂಡ ಕಾರಣಗಳು. ಆ ಗಳಿಗೆಯಲ್ಲಿ ನನಗೆ ಯಾವ ಯೋಚನೆಯೂ ಇರಲಿಲ್ಲ. ಬಾಯಿ ತಾನೇ ಹೇಳಿತು: "ಹೇಳಿದ್ದೆರಿ ಸರ್."

ಹುಲಗಪ್ಪ ತಲೆ ಎತ್ತಿದ. ಸಿಟ್ಟಿನಿಂದಲ್ಲ. ಏನನ್ನೋ ನೆನಪು ಮಾಡಿಕೊಳ್ಳುವವನಂತೆ ಕೇಳಿದ: "ಯಾವಾಗ ಹೇಳಿದ್ರಿ ಸರ?"

"ಮಧ್ಯಾಹ್ನ. ಊಟದ ಹೊತ್ತಿನ್ಯಾಗ. ನೀನು ನಲ್ಲಿ ಹತ್ರ ಡಬ್ಬಿ ತೊಳೀತಿದ್ದಿ."

ಸುಳ್ಳಿಗೆ ನಲ್ಲಿ, ಡಬ್ಬಿ ಎಲ್ಲ ತಂದು ಜೋಡಿಸಿದ ನನ್ನ ಚಾತುರ್ಯ ನೋಡಿ. ಅವನು ದಿನಾ ಊಟವಾದ ಮೇಲೆ ಅಲ್ಲೇ ಡಬ್ಬಿ ತೊಳೆಯುತ್ತಿದ್ದ. ಹುಲಗಪ್ಪ ನನ್ನ ಮುಖವನ್ನು ಬಹಳ ಹೊತ್ತು ನೋಡಿದ. "ಇಲ್ರಿ... ಹೇಳಿದ್ದು ನನಗ..." ಎಂದು ಅರ್ಧಕ್ಕೆ ನಿಲ್ಲಿಸಿದ.

"ಇವರು ಸುಳ್ಳು ಹೇಳೋ ಮನಷ್ಯಾರೇನೋ?" ಎಂದು ಅಧ್ಯಕ್ಷರು ಮೇಜು ಬಡಿದರು. "ಅವರ ಮುಖ ನೋಡು, ನಿನ್ನ ಮುಖ ನೋಡ್ಕೋ!"

ಸುಜಾತಾ ನನ್ನ ಕಡೆ ತಿರುಗಿ ಕೈ ಮುಗಿದಳು. "ತಪ್ಪು ತಿಳೀಬ್ಯಾಡ್ರಿ ಸಾರ್. ನಿಮ್ಮ ಮ್ಯಾಲೆ ಅನುಮಾನ ಪಟ್ಟೆ" ಎಂದಳು. ನಾನು "ಇರಲಿ ಬಿಡಮ್ಮ" ಎಂದೆ. ಹೌದು, ಕ್ಷಮಿಸಿದೆ.

ಹುಲಗಪ್ಪನ ಕೆಲಸ ಹೋಯಿತು. ವ್ಯಾನುಗಳ ಉಸ್ತುವಾರಿಯನ್ನು, ಜವಾಬ್ದಾರಿಯ ಮನುಷ್ಯ ಎಂದು, ನನಗೇ ವಹಿಸಿದರು.

ಮನೆಗೆ ಬಂದು ಹೆಂಡತಿ ಗಿರಿಜಾಳ ಎದುರು ಎಲ್ಲ ಹೇಳಿದೆ. ಹೇಳಿದರೆ ಭಾರ ಇಳಿಯುತ್ತದೆ ಎಂದುಕೊಂಡಿದ್ದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದಳು. ಕೊನೆಯಲ್ಲಿ, "ನಾಳೆ ಹೋಗಿ ಖರೇ ಹೇಳ್ತೀರಲ್ಲ?" ಎಂದಳು.

"ನೋಡೋಣ" ಎಂದೆ.

"ನಮ್ಮಪ್ಪ ಮುಖ ನೋಡಿ ಕೊಟ್ಟ" ಎಂದಳು. "ಬೆನ್ನಾಗ ಎಲುಬು ಐತೋ ಇಲ್ಲೋ ನೋಡಲಿಲ್ಲ."

ಅದಾದ ಮೇಲೆ ಅವಳು ಆ ಮಾತು ಎತ್ತಲಿಲ್ಲ. ಊಟಕ್ಕೆ ಬಡಿಸುತ್ತಿದ್ದಳು, ಮಗಳ ಪರೀಕ್ಷೆಯ ಮಾತು ಆಡುತ್ತಿದ್ದಳು, ಆದರೆ ನನ್ನ ಮುಖದ ಕಡೆ ನೋಡುವುದನ್ನು ಬಿಟ್ಟಳು. ಎರಡು ವರ್ಷ ಅವಳು ನನ್ನ ಅಂಗಿಯ ಗುಂಡಿಗಳ ಜೊತೆ ಮಾತಾಡಿದಳು. ನಾನೂ ಗಡ್ಡ ಮಾಡಿಕೊಳ್ಳುವಾಗ ಕನ್ನಡಿಯಲ್ಲಿ ಗದ್ದ ಮಾತ್ರ ಕಾಣುವಂತೆ ಬಗ್ಗಿ ನಿಲ್ಲತೊಡಗಿದೆ. ಅಲ್ಲಿ ಇಣುಕಿದರೂ ಏನೂ ಸಿಗುತ್ತಿರಲಿಲ್ಲವೆನ್ನಿ. ಅದೇ ಕರು.

ಹೋದ ಶ್ರಾವಣದ ಒಂದು ಬೆಳಿಗ್ಗೆ ಗಿರಿಜಾ ತನ್ನ ಫೋನನ್ನು ತಂದು ನನ್ನ ಚಹಾದ ಪಕ್ಕ ಇಟ್ಟಳು. ಯಲಬುರ್ಗಾದಿಂದ ಅವಳ ತಮ್ಮ ಕಳಿಸಿದ ಫೋಟೋ. ಕೂದಲು ಹಿಡಿದು ಮೇಲೆತ್ತಿದ ಮುಖ, ಹೊರಗೆ ಕಾಣುವ ಎರಡು ಹಲ್ಲು, ಹಣೆಯಿಂದ ರಕ್ತ. ಕೆಳಗೆ ಬರಹ: "ಮಕ್ಕಳ ಕಳ್ಳ. ನಮ್ಮ ಭಾಗದಲ್ಲಿ ತಿರುಗುತ್ತಿದ್ದಾನೆ. ಎಲ್ಲ ಗ್ರೂಪಿಗೂ ಕಳಿಸಿ." ತಮ್ಮ ಬೇರೆ ಒಂದು ಸಾಲು ಸೇರಿಸಿದ್ದ: "ಅಕ್ಕಾ, ಹುಡುಗಿನ್ನ ಒಬ್ಬಾಕಿನ್ನ ಹೊರಗ ಬಿಡಬ್ಯಾಡ."

ಎರಡು ವರ್ಷವಾದರೂ ಆ ಮುಖ ಊರಿಂದೂರಿಗೆ ತಿರುಗುತ್ತಲೇ ಇತ್ತು. ಚಹಾ ಕುಡಿಯಲಾಗಲಿಲ್ಲ. ಇರಕಲ್ಲಗಡಕ್ಕೆ ಹೊರಟೆ.

ರಸ್ತೆಯ ಬದಿಯಲ್ಲಿ, ತಗಡಿನ ನೆರಳಿನಲ್ಲಿ ಹುಲಗಪ್ಪ ಪಂಕ್ಚರ್ ತಿದ್ದುತ್ತ ಕೂತಿದ್ದ. ಹಿಂದೆಯೇ ಮನೆ. ನನ್ನನ್ನು ಕಂಡು ಎದ್ದು ನಿಂತ. "ಬರ್ರಿ ಸರ, ಬರ್ರಿ. ಏ ದುರಗವ್ವಾ, ಸರ ಬಂದಾರ, ಚಾ ಇಡು" ಎಂದು ಒಳಗಿದ್ದ ಹೆಂಡತಿಗೆ ಕೂಗಿದ. ಬೈಯುತ್ತಾನೆ, ಹೊಡೆದರೂ ಹೊಡೆಯಬಹುದು ಎಂದು ದಾರಿಯುದ್ದಕ್ಕೂ ಮೈ ಗಟ್ಟಿ ಮಾಡಿಕೊಂಡು ಬಂದಿದ್ದೆ. ಅವನು ಸ್ಟೂಲು ಒರೆಸಿ ಕೊಟ್ಟ.

"ಸಾನ್ವಿ ಹೆಂಗದಾಳ್ರಿ? ಈಗ ಎರಡನೇ ಕ್ಲಾಸಿನ್ಯಾಗ ಇರಬೇಕಲ್ಲ?"

"ಹೂಂ, ಆರಾಮದಾಳ."

"ಈ ಕಡಿ ಕುಂದರ್ರಿ ಸರ. ಬಲಗಿವಿ ಕೇಳಂಗಿಲ್ಲ." ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುತ್ತ, ಅವನೇ ಮಾತು ತೆಗೆದ. "ನಿಮ್ಮನ್ನ ಕಂಡು ಮಾತಾಡಬೇಕಂತ ಭಾಳ ಸಲ ಅನಿಸಿತ್ರಿ. ಮುಖ ಇರಲಿಲ್ಲ. ನೀವು ಅಷ್ಟು ಹೇಳಿದ್ರೂ ನಾ ಮರ್ತೆ. ಆ ಕೂಸು ನೀರಿಗೆ ಬಿದ್ದಿದ್ರ ಏನಾಗ್ತಿತ್ತರಿ? ಆಮ್ಯಾಲ ಎಲ್ಲಿನೂ ಡ್ರೈವರ್ ಕೆಲಸಕ್ಕ ಹೋಗಿಲ್ಲ. ಒಂದಿಬ್ರು ಕರದ್ರು. ನಾನ ಒಲ್ಲೆ ಅಂದೆ. ಇಂಥಾದ್ದು ಮರ್ಯಾಂವ ಗಾಡಿ ಮುಟ್ಟಬಾರದು."

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ.

"ನಲ್ಲಿ ಹತ್ರ ನೀವು ಬಂದು ನಿಂತಿದ್ದು ನೆಪ್ಪೈತ್ರಿ" ಎಂದ. "ನಿಮ್ಮ ಬಿಳಿ ಅಂಗಿ ನೆಪ್ಪೈತಿ. ಮಾತು ಮಾತ್ರ ಎಷ್ಟು ತಲಿ ಕೆರಕೊಂಡ್ರೂ ನೆಪ್ಪಿಗೆ ಬರವಲ್ದು."

ನಾನು ಅವತ್ತು ನಲ್ಲಿಯ ಹತ್ತಿರ ಹೋಗಿಯೇ ಇರಲಿಲ್ಲ. ನನ್ನ ಬಿಳಿ ಅಂಗಿಯನ್ನು ನನ್ನ ಸುಳ್ಳಿಗೆ ಅವನೇ ತೊಡಿಸಿದ್ದ. ಅವನು ನನ್ನನ್ನು ಶಪಿಸುತ್ತ ಕೂತಿದ್ದಾನೆ ಎಂದುಕೊಂಡು ಎರಡು ವರ್ಷ ಕಳೆದಿದ್ದೆ. ಅವನೂ ಉಳಿದವರಂತೆ ನನ್ನ ಮುಖವನ್ನು ನಂಬಿಬಿಟ್ಟಿದ್ದ.

"ಹುಲಗಪ್ಪ, ನಾ ನಿನಗ ಹೇಳಿದ್ದಿಲ್ಲ" ಎಂದೆ.

"ಆಂ?"

ಎಡಗಿವಿಯ ಹತ್ತಿರ ಬಗ್ಗಿದೆ. "ನಾ ನಿನಗ ಹೇಳಿದ್ದ ಇಲ್ಲ. ನಾನ ಮರ್ತಿದ್ದೆ. ಅಧ್ಯಕ್ಷರ ಮುಂದ ಸುಳ್ಳು ಹೇಳಿದೆ."

ಅವನ ಕೈ ನೀರಿನಲ್ಲೇ ಇತ್ತು. ಟ್ಯೂಬಿನಿಂದ ಗುಳ್ಳೆ ಏಳುತ್ತಿದ್ದವು. ಮನೆಯ ಕಡೆ ತಿರುಗಿ, "ದುರಗವ್ವಾ, ಹೊರಗ ಬಾ" ಎಂದ. ಅವಳು ಚಹಾದ ಲೋಟ ಹಿಡಿದು ಬಂದಳು. "ಸರ, ಈಗ ಹೇಳಿದ್ದು ಈಕಿ ಮುಂದ ಇನ್ನೊಮ್ಮಿ ಹೇಳ್ರಿ."

ಹೇಳಿದೆ. ಅವಳು ಲೋಟಗಳನ್ನು ನನಗೆ ಕೊಡಲಿಲ್ಲ, ನೆಲದ ಮೇಲೆ ಇಟ್ಟಳು. ಗಂಡನ ಕಡೆ ನೋಡಿ, "ನೀ ಮರ್ತಿದ್ದಿಲ್ಲ" ಎಂದಳು. "ನಿನ್ನ ತಪ್ಪಿದ್ದಿಲ್ಲ. ಹೌದಿಲ್ಲೋ?" ಆಮೇಲೆ ನನ್ನ ಕಡೆ ತಿರುಗಿದಳು. "ಆ ಕೂಸಿನ ಅವ್ವಗ ಹೇಳೀರೇನ್ರಿ?"

"ಇಲ್ಲವ್ವ."

"ಹೇಳ್ರಿ. ಈಗ ಹೇಳ್ರಿ. ನಮ್ಮ ಮುಂದ."

ಫೋನು ತೆಗೆದು ಸುಜಾತಾಗೆ ಹಚ್ಚಿದೆ. ಹುಲಗಪ್ಪನಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ. ಅವನು ಎಡಗಿವಿ ತಂದು ಫೋನಿನ ಹತ್ತಿರ ಹಿಡಿದ. ಹೇಗೋ ಎಲ್ಲ ಹೇಳಿ ಮುಗಿಸಿದೆ. ಡ್ರೈವರ್ ತಪ್ಪಿಲ್ಲಮ್ಮ, ಮರೆತವನು ನಾನು, ಸುಳ್ಳು ಹೇಳಿದವನೂ ನಾನು. ಆ ಕಡೆಯಿಂದ ಸುಜಾತಾ ದನಿ ತಗ್ಗಿಸಿ ಕೇಳಿದಳು:

"ಸಾರ್, ನೀವು ಎಲ್ಲಿದ್ದೀರಿ? ಅವನು ಪಕ್ಕದಾಗ ಅದಾನೇನು? ಹೆದರಿಸಿ ಹೇಳಿಸಾಕ ಹತ್ಯಾನೇನ್ರಿ? ಬರೇ ಹೂಂ ಅನ್ರಿ, ನಮ್ಮೆಜಮಾನ್ರನ್ನ ಕಳಿಸ್ತೀನಿ."

"ಇಲ್ಲಮ್ಮ, ಯಾರೂ ಹೆದರಿಸಿಲ್ಲ, ಇದು ಖರೇನ..."

"ಗೊತ್ತಾತು ಸಾರ್. ನೀವು ಧೈರ್ಯವಾಗಿರ್ರಿ."

ಹುಲಗಪ್ಪ ಒದ್ದೆ ಬೆರಳಿನಿಂದ ಫೋನು ಒತ್ತಿ ಕರೆ ಕತ್ತರಿಸಿದ. ಅವನ ಭುಜ ಅಲುಗುತ್ತಿತ್ತು. ನಗುತ್ತಿದ್ದನೋ ಅಳುತ್ತಿದ್ದನೋ ಆ ಮುಖದಲ್ಲಿ ನನಗೆ ತಿಳಿಯಲಿಲ್ಲ. ಐದು ವರ್ಷ ದಿನಾ ನೋಡಿದ ಮುಖ.

"ಹೋಗ್ರಿ ಸರ" ಎಂದ ಕೊನೆಗೆ. "ಅವರು ನಂಬಲಿ, ಬಿಡಲಿ. ನನಗ ಗೊತ್ತಾತಲ್ಲ, ಸಾಕು." ದುರಗವ್ವ ಚಹಾದ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಅಧ್ಯಕ್ಷರಿಗೆ ಎಲ್ಲವನ್ನೂ ಬರೆದು ಕೊಟ್ಟೆ. ಓದಿ, ಮಡಚಿ, ಮೇಜಿನ ಖಾನೆಗೆ ಹಾಕಿದರು. "ಭಾ...ಳ ಮೆತ್ತನ್ನ ಮನಸ್ಸು ನಿಮ್ದು. ಮುಗದದ್ದನ್ನ ಕೆದರಬ್ಯಾಡ್ರಿ" ಎಂದರು. ಪಾಲಕರ ಗ್ರೂಪಿನಲ್ಲಿ ಬರೆದೆ. ಹತ್ತಾರು ಜನ ಕೈ ಮುಗಿಯುವ ಚಿತ್ರ ಹಾಕಿದರು. ಒಬ್ಬರು "ಬೇರೆಯವರ ತಪ್ಪು ತಮ್ಮ ತಲೆಗೆ ಹೊತ್ತುಕೊಳ್ಳುವ ಇಂಥವರು ಈ ಕಾಲದಲ್ಲಿ ಅಪರೂಪ" ಎಂದು ಬರೆದರು. ಕೆಲಸ ಬಿಡುತ್ತೇನೆ ಎಂದು ನಾನು ಹೇಳಲಿಲ್ಲ. ಈಗಲೂ ಅದೇ ಕುರ್ಚಿಯಲ್ಲಿ ಕೂತಿದ್ದೇನೆ. ಗಿರಿಜಾ, ನಾನು ಹೋಗಿ ಬಂದದ್ದನ್ನು ಪೂರ್ತಿ ಕೇಳಿ, "ಎರಡು ವರ್ಷ ತಡಾ ಮಾಡಿದ್ರಿ" ಎಂದಷ್ಟೇ ಹೇಳಿದಳು.

ಮೊನ್ನೆ ಕೊಪ್ಪಳದಿಂದ ಬರುವಾಗ ಬಸ್ಸು ತಪ್ಪಿ ರಸ್ತೆಯ ಬದಿಗೆ ನಿಂತಿದ್ದೆ. ಇರಕಲ್ಲಗಡದ ಕಡೆಯಿಂದ ಒಂದು ಹಳೆಯ ಟಂಟಂ ಆಟೋ ಬಂತು. ಹಿಂದೆ ಮಂದಿ ಕಿಕ್ಕಿರಿದಿದ್ದರು, ಮುಂದೆ ಡ್ರೈವರನ ಪಕ್ಕ ಯೂನಿಫಾರಮ್ಮಿನ ಒಂದು ಹುಡುಗಿ ಪಾಟಿಚೀಲ ತಬ್ಬಿಕೊಂಡು ಕೂತಿತ್ತು. ಓಡಿಸುತ್ತಿದ್ದವನು ಹುಲಗಪ್ಪ. ನಾನು ಕೈ ಎತ್ತಿದೆ. ಸರಿದು ಕೂತರೆ ಇನ್ನೊಬ್ಬನಿಗೆ ಜಾಗ ಇತ್ತು. ಅವನು ನನ್ನನ್ನು ನೋಡಿದ, ಚೆನ್ನಾಗಿಯೇ ನೋಡಿದ, ಹುಡುಗಿ ಬೀಳದಂತೆ ಒಂದು ಕೈ ಅಡ್ಡ ಹಿಡಿದು ಗಾಡಿಯನ್ನು ಮುಂದಕ್ಕೆ ಬಿಟ್ಟ.